ಪುಟದ ಬದು

ಮಂಡ್ಯ ಸೀಮೆಯವನಿಗೆ ಬೀಳುಬಿದ್ದ ನೆಲವನ್ನು ಕಂಡರೆ ಮನಸ್ಸು ತಡೆಯದು. ಬದುವಿನ ಮೇಲೂ ನಾಲ್ಕು ತೊಗರಿಗಿಡ ಹಾಕದೆ ಅವನಿಗೆ ಸಮಾಧಾನವಿಲ್ಲ. ಹಲಗೂರಿನವನಾದ ನಾನು ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಪಾಠ ಹೇಳುತ್ತ ಹತ್ತು ವರ್ಷ ಕಳೆದರೂ ಈ ಗುಣ ನನ್ನನ್ನು ಬಿಟ್ಟಿಲ್ಲವೆಂಬುದು ಈಚೆಗೆ ಒಂದು ಪುಸ್ತಕದ ಅಂಚನ್ನು ಅಳೆಯುವಾಗ ತಿಳಿಯಿತು.

ನನ್ನ ತಂದೆಯವರು ಪ್ರಾಥಮಿಕ ಶಾಲೆಯ ಮೇಷ್ಟರು. ಸುತ್ತಲ ಹಳ್ಳಿಗಳ ಹೆಂಗಸರು ಹಾಡುತ್ತಿದ್ದ ರಾಗಿ ಬೀಸುವ ಪದ, ಸೋಬಾನೆ ಪದಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅವರ ಹವ್ಯಾಸ. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಮೂರು ನೋಟುಪುಸ್ತಕಗಳು ದೊರೆತವು. ವರ್ಷದ ತಿಥಿಯ ಹೊತ್ತಿಗೆ ಅವನ್ನು ಅಚ್ಚು ಮಾಡಿಸಿ ತಾಯಿಯವರ ಕೈಗೆ ಕೊಡಬೇಕೆಂದು ಸಂಕಲ್ಪ ಮಾಡಿದೆ.

ಖರ್ಚು ಉಳಿಯಲೆಂದು ಅಕ್ಷರ ಜೋಡಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಗಣಿತ ವಿಭಾಗದ ಮಿತ್ರರೊಬ್ಬರು ಲೇಟೆಕ್ ತಂತ್ರಾಂಶವನ್ನು ಕಲಿಸಿದರು. ಅಮೆರಿಕದ ಡೊನಾಲ್ಡ್ ಕ್ನೂತ್ ಎಂಬ ಪಂಡಿತರು ತಮ್ಮ ಗ್ರಂಥದ ಕರಡಚ್ಚಿನ ಕುರೂಪವನ್ನು ಕಂಡು ಬೇಸತ್ತು 1977ರಲ್ಲಿ ಟೆಕ್ ಎಂಬುದನ್ನು ರಚಿಸತೊಡಗಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು ಲೇಟೆಕ್. ನನ್ನ ಮೊದಲ ಪುಟ ತೆರೆಯ ಮೇಲೆ ಮೂಡಿದಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. 210 ಮಿಲಿಮೀಟರ್ ಅಗಲದ ಎ4 ಹಾಳೆಯಲ್ಲಿ ಅಕ್ಷರಕ್ಕೆ ದೊರೆತದ್ದು ಸುಮಾರು 121; ಉಳಿದ 89 ಬರಿದು! “ಇಷ್ಟು ನೆಲವನ್ನು ಬೀಳು ಬಿಡುವುದೇ?” ಎಂದೆ. ಸಾಲು ಬಹಳ ಉದ್ದವಾದರೆ ಹಿಂದಿರುಗುವ ಕಣ್ಣು ಮುಂದಿನ ಸಾಲಿನ ತಲೆಯನ್ನು ತಪ್ಪಿಸಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಸಾಲಿಗೆ ಅರವತ್ತು ಎಪ್ಪತ್ತು ಅಕ್ಷರ ಹಿತವೆಂದು ಬಲ್ಲವರ ಮತ ಎಂದು ಮಿತ್ರರು ವಿವರಿಸಿದರು. ಕನ್ನಡಿಗನ ಕಣ್ಣು ಅಷ್ಟು ದುರ್ಬಲವಲ್ಲವೆಂದು ನಾನು ನಕ್ಕೆ.

ಡೆಮಿ 1/8 ಆಕಾರಕ್ಕೆ ಇಳಿಸಿದಾಗ ಪುಸ್ತಕ 108 ಪುಟವಾಯಿತು. ಮುದ್ರಕರ ಲೆಕ್ಕ ಫಾರಮ್ಮಿನದು. ಒಂದು ಫಾರಮ್ಮಿಗೆ 16 ಪುಟ. ಆರು ಫಾರಂ ಎಂದರೆ 96. ಮಿಕ್ಕ ಹನ್ನೆರಡು ಪುಟಕ್ಕಾಗಿ ಏಳನೆಯ ಫಾರಮ್ಮಿನ ಹಣ ತೆರಬೇಕು. ನನ್ನೊಳಗಿನ ಒಕ್ಕಲಿಗ ಎಚ್ಚೆತ್ತ. ನಾಲ್ಕು ಕಡೆಯೂ ಅಂಚನ್ನು ಅರ್ಧ ಅಂಗುಲಕ್ಕೆ ಇಳಿಸಿದೆ. ಪದ್ಯದ ಎರಡೆರಡು ಸಾಲುಗಳನ್ನು ಗದ್ಯದಂತೆ ಒಂದೇ ಸಾಲಿಗೆ ಎಳೆದೆ. ತಂದೆಯವರು ನೋಟುಪುಸ್ತಕದ ಬದಿಯಲ್ಲಿ ಬರೆದಿದ್ದ ಸಣ್ಣ ಟಿಪ್ಪಣಿಗಳನ್ನು ಕೈಬಿಟ್ಟೆ. ಯಂತ್ರ ಮರುಮಾತಾಡದೆ ಸಾಲುಗಳನ್ನೆಲ್ಲ ಮತ್ತೆ ಹೊಂದಿಸಿತು. ಸರಿಯಾಗಿ 96! ಗಡಿ ವ್ಯಾಜ್ಯ ಗೆದ್ದವನಂತೆ ಬೀಗಿದೆ.

ಅಂಗಡಿಯಲ್ಲಿ ಮಾದರಿಗೆಂದು ಒಂದು ಪ್ರತಿಯನ್ನು ಬೈಂಡು ಮಾಡಿಸಿ ತಾಯಿಯವರಿಗೆ ಕೊಟ್ಟೆ. ಅವರು ಪೊರೆ ತೆಗೆಸಿಕೊಂಡ ಕಣ್ಣಿಗೆ ಕನ್ನಡಕವೇರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದಲು ತೊಡಗಿದರು. ಒಳಬದಿಯ ಅಕ್ಷರಗಳು ಬೆನ್ನಿನ ಸಂದಿಯಲ್ಲಿ ಅಡಗಿದ್ದವು. ಅಗಲಿಸಿ ಒತ್ತಿದರೆ ಅಂಟು ಬಿರಿಯಿತು. ಹೊರಬದಿಯನ್ನು ಹಿಡಿದರೆ ಹೆಬ್ಬೆರಳಿನಡಿ ನಾಲ್ಕು ಸಾಲಿನ ಕೊನೆ ಮುಚ್ಚಿಹೋಗುತ್ತಿತ್ತು.

“ಬದುವೇ ಇಲ್ದಿರೋ ಗದ್ದೇಲಿ ಕಾಲು ಎಲ್ಲಿ ಮಡಗಾದು ಮಗ?” ಎಂದರು. ಸ್ವಲ್ಪ ತಡೆದು, “ಹಾಡ್ದೋರ ಹೆಸ್ರೆಲ್ಲಿ? ನಿಮ್ಮಪ್ಪಾರು ಪಕ್ಕದಲ್ಲಿ ಬರ್ದಿದ್ರಲ್ಲ?” ಎಂದು ಕೇಳಿದರು.

ಆ ರಾತ್ರಿ ನೋಟುಪುಸ್ತಕಗಳನ್ನು ಮತ್ತೆ ತೆರೆದೆ. ಪ್ರತಿ ಪುಟದಲ್ಲೂ ಕೆಂಪು ಶಾಯಿಯಲ್ಲಿ ನೇರವಾಗಿ ಎಳೆದ ಗೆರೆ. ಅದರಾಚೆ ಹಾಡಿದವಳ ಹೆಸರು, ಊರು. ಎರಡನೆಯ ಪುಸ್ತಕದ ಒಂದು ಪದದ ಪಕ್ಕದಲ್ಲಿ ನನ್ನ ತಾಯಿಯವರ ಹೆಸರೇ ಇತ್ತು.

ಓಲೆಗರಿಯ ಲಿಪಿಕಾರ ದಾರದ ರಂಧ್ರದ ಸುತ್ತ ಎಡೆ ಬಿಟ್ಟು ಬರೆಯುತ್ತಿದ್ದ. ಗರಿಯ ತುದಿ ಮೊದಲು ಮುರಿಯುವುದರಿಂದ ಅಲ್ಲಿಯೂ ಅಂಚನ್ನು ಬರಿದಾಗಿ ಉಳಿಸುತ್ತಿದ್ದ. ಗ್ರಂಥಸಂಪಾದನೆಯ ತರಗತಿಯಲ್ಲಿ ಇದನ್ನು ವರ್ಷ ವರ್ಷವೂ ಹೇಳುವವನು ನಾನೇ. ಪಾಠ ಹೇಳುವುದಕ್ಕೂ ಪಾಠ ಕಲಿಯುವುದಕ್ಕೂ ಇರುವ ಅಂತರ ಅಂದು ಮನದಟ್ಟಾಯಿತು.

ಮರುದಿನ ಒಳ ಅಂಚನ್ನು 22 ಮಿಲಿಮೀಟರಿಗೂ ಹೊರ ಅಂಚನ್ನು 28ಕ್ಕೂ ಹಿಗ್ಗಿಸಿ, ಹೊರಬದಿಯಲ್ಲಿ ಹೆಸರುಗಳನ್ನು ಸಣ್ಣಕ್ಷರದಲ್ಲಿ ಕೂರಿಸಿದೆ. ನಡುವೆ ಉಳಿದದ್ದು 90. ಅತ್ಯಂತ ಉದ್ದದ ಪದದ ಸಾಲು ಮುರಿಯದೆ ನಿಲ್ಲಲು ಅಷ್ಟು ಸಾಕಾಗಿತ್ತು. ಸಾಲಿನ ಅಗಲವನ್ನು ಗೊತ್ತುಮಾಡಬೇಕಾದದ್ದು ಹಾಡಿದವರ ಉಸಿರು, ಕಾಗದದ ಬೆಲೆಯಲ್ಲ. ಪುಸ್ತಕ 112 ಪುಟವಾಗಿ ಏಳನೆಯ ಫಾರಂ ತುಂಬಿತು. ಮನೆಗೆ ಸುಣ್ಣಬಣ್ಣ ಮಾಡಿಸುವುದು ಮುಂದಿನ ವರ್ಷಕ್ಕೆ ಹೋಯಿತು.

ತಿಥಿಯ ದಿನ ನೆಂಟರೆಲ್ಲ ಊಟ ಮುಗಿಸಿ ಹೋದ ಮೇಲೆ ತಾಯಿಯವರು ಜಗಲಿಯಲ್ಲಿ ಕುಳಿತು ಪುಸ್ತಕವನ್ನು ತೆರೆದರು. ಒಂದು ಪುಟದ ಅಂಚಿನ ಮೇಲೆ ಅವರ ಹೆಬ್ಬೆರಳು ಬಹಳ ಹೊತ್ತು ನಿಂತಿತ್ತು. ಯಾವ ಪುಟವೆಂದು ನಾನು ಕೇಳಲಿಲ್ಲ.

“ಈಗ ಕಾಲು ಮಡಗಕ್ಕೆ ಜಾಗ ಅದೆ” ಎಂದರು.