ಕಂಪ್ಯೂಟರಿಗೂ ಪಂಪ್‌ಸೆಟ್ಟಿನ ಲೆಕ್ಕವೇ

ಇವತ್ತು ಬೆಳೆ ವಿಷಯ ಅಲ್ಲ. ಮಕ್ಕಳಿಗೆ ಕಂಪ್ಯೂಟರ್ ಕೊಡಿಸೋ ಮಾತು ಈಗ ನಮ್ಮ ಸುತ್ತಮುತ್ತ ಎಷ್ಟೋ ಮನೇಲಿ ನಡೀತಿದೆ. ಅದಕ್ಕೇ ನಾವು ಹಾಕಿದ ಲೆಕ್ಕ ಬರೀತಿದೀನಿ.

ಮಗಳು ಇಂಜಿನಿಯರಿಂಗ್ ಎರಡನೇ ವರ್ಷ, ಪ್ರೋಗ್ರಾಮಿಂಗ್ ಕಲೀತಾಳೆ. ಮಗ ಪಿಯುಸಿ, ಅವನಿಗೆ ಗೇಮ್ ಆಡೋ ಕಂಪ್ಯೂಟರೇ ಬೇಕು. ಕೊಬ್ಬರಿ ಮಾರಿ ಎತ್ತಿಟ್ಟಿದ್ದು 70 ಸಾವಿರ. ಅಷ್ಟರಲ್ಲಿ ಒಂದೇ ಕಂಪ್ಯೂಟರ್, ಇಬ್ಬರಿಗೂ ಆಗಬೇಕು.

ಬೆಂಗಳೂರಿನ ಎಸ್.ಪಿ. ರೋಡಲ್ಲಿ ಬಿಡಿ ಭಾಗ ಆರಿಸಿ ಜೋಡಿಸ್ಕೋಬಹುದು ಅಂದಳು ಮಗಳು. ಒಂದು ಅಂಗಡಿಯಿಂದ ಕೊಟೇಶನ್ ತರಿಸಿದ್ವಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡಕ್ಕೂ ಕಂಪನಿ ಹೆಸರು, ಮಾಡೆಲ್ ನಂಬರ್ ಎಲ್ಲಾ ಇತ್ತು. ಎಸ್‌ಎಂಪಿಎಸ್ ಎದುರು ಮಾತ್ರ ಬರೀ 500 ವ್ಯಾಟ್. ಕಂಪನಿ ಹೆಸರೇ ಇಲ್ಲ. ಮೋಟಾರ್ ಒಳ್ಳೇದು ತಂದು ಕೇಬಲ್ ಯಾವುದೋ ಒಂದು ಬಿಟ್ಟ ಹಾಗೆ.

ಮನೆಯ 230 ವೋಲ್ಟ್ ಎಸಿ ಕರೆಂಟನ್ನ 12, 5, 3.3 ವೋಲ್ಟ್ ಡಿಸಿ ಮಾಡಿ ಒಳಗಿನ ಭಾಗಗಳಿಗೆ ಹಂಚೋ ಡಬ್ಬಿ ಅದು. ಕಳಪೆದಾದ್ರೆ ತಾನು ಸುಡುವಾಗ ಬೋರ್ಡನ್ನೂ ಸುಟ್ಟು ಹೋಗಬಹುದು. ನಮ್ಮ ಹಳ್ಳಿ ಕರೆಂಟು ಹೆಂಗೆ ಬರುತ್ತೆ ಅಂತ ನಿಮಗೆ ನಾನು ಹೇಳೋದು ಬೇಡ.

ಇನ್ನು ಹೊಂದಾಣಿಕೆ. ಎಎಂಡಿ ಕಂಪನಿಯ ಎಎಂ4 ಪ್ರೊಸೆಸರ್ ಎಎಂ5 ಬೋರ್ಡಲ್ಲಿ ಕೂರಲ್ಲ. ಡಿಡಿಆರ್4 ರ‍್ಯಾಮ್ ಡಿಡಿಆರ್5 ಬೋರ್ಡಿಗೆ ಹೋಗಲ್ಲ. ಪೈಪ್ ಸೈಜ್ ತಪ್ಪಿದ್ರೆ ರೆಡ್ಯೂಸರ್ ಹಾಕಬಹುದು, ಇಲ್ಲಿ ಅದೂ ಇಲ್ಲ.

ಮಗಳ ಕೆಲಸಕ್ಕೆ ಬೇಕಾದ್ದು ಒಳ್ಳೆ ಪ್ರೊಸೆಸರ್, ಜಾಸ್ತಿ ರ‍್ಯಾಮ್, ಫಾಸ್ಟ್ ಇರೋ ಎಸ್‌ಎಸ್‌ಡಿ. ಮಗನ ಗೇಮಿಗೆ ಮುಖ್ಯ ಗ್ರಾಫಿಕ್ಸ್ ಕಾರ್ಡು. ಕೊಟೇಶನ್‌ನಲ್ಲಿ ಎಲ್ಲಕ್ಕಿಂತ ದುಬಾರಿ ಅದೇ. ಅದನ್ನ ಈಗಲೇ ತಂದ್ರೆ ಉಳಿದದ್ದೆಲ್ಲಾ ಸಣ್ಣದಾಗುತ್ತೆ. ಡ್ರಿಪ್ ಮಾಡಿಸುವಾಗ ಮೇನ್ ಪೈಪ್ ಮೊದಲೇ ದಪ್ಪ ಹಾಕ್ತೀವಿ, ಲ್ಯಾಟರಲ್ ಆಮೇಲೂ ಎಳೀಬಹುದು. ಹಾಗೇ ಮಾಡಿದ್ವಿ.

ಪ್ರೊಸೆಸರ್ ರೈಜನ್ 5 8600ಜಿ. ಇದರೊಳಗೇ ಗ್ರಾಫಿಕ್ಸ್ ಇದೆ, ಸೆಟ್ಟಿಂಗ್ ಇಳಿಸಿಕೊಂಡ್ರೆ ಹಗುರ ಗೇಮ್ ಆಡಬಹುದು. ಎಎಂ5 ಬೋರ್ಡು. ರ‍್ಯಾಮ್ 32 ಜಿಬಿ, ಅದೂ 16ರದ್ದು ಎರಡು. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸೋದ್ರಿಂದ ಒಂದೇ ಕಡ್ಡಿಗಿಂತ ಜೋಡಿ ಹಾಕಿದ್ರೆ ವೇಗ ಜಾಸ್ತಿ. ಎಸ್‌ಎಸ್‌ಡಿ 1 ಟಿಬಿ. ಎಸ್‌ಎಂಪಿಎಸ್ ಮಾತ್ರ ಹೆಸರಿರೋ ಕಂಪನೀದು, 650 ವ್ಯಾಟ್. ನಾಳೆ ಆರ್‌ಟಿಎಕ್ಸ್ 4060 ಥರದ ಕಾರ್ಡು ಹಾಕಿದ್ರೂ ಅದು ಎಳೆಯೋದು ಸುಮಾರು 115 ವ್ಯಾಟ್, ಆರಾಮಾಗಿ ತಡೆಯುತ್ತೆ.

ಮಾನಿಟರ್, ಯುಪಿಎಸ್ ಸೇರಿ 70 ಸಾವಿರದೊಳಗೇ ಮುಗೀತು. ನೀವು ಹೋದಾಗ ಇದೇ ರೇಟು ಇರುತ್ತೆ ಅನ್ಕೋಬೇಡಿ, ರ‍್ಯಾಮ್ ರೇಟೂ ಕೊಬ್ಬರಿ ರೇಟಿನ ಹಾಗೇ ಏರಿಳಿಯುತ್ತೆ.

ಮಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಎಲ್ಲಾ ಅಕ್ಕಂಗೇ ಆಯ್ತಲ್ಲಪ್ಪಾ" ಅಂದ. ಬೋರ್ಡಲ್ಲಿ ಖಾಲಿ ಇರೋ ಉದ್ದ ಸ್ಲಾಟ್ ತೋರಿಸಿ, "ಈ ಜಾಗ ನಿಂದೇ ಮಗಾ, ಮುಂದಿನ ಕೊಬ್ಬರೀಲಿ ತರೋಣ" ಅಂದೆ. ಹೇಳಿದ್ದೇನೋ ಹೇಳಿದೆ. ತಿಪಟೂರು ಮಾರ್ಕೆಟ್ ರೇಟು ನೋಡುವಾಗ ಈಗ ಅದೂ ತಲೇಲಿರುತ್ತೆ. ಅವನೂ ದಿನಾ ಕೇಳ್ತಾನೆ, ಕ್ವಿಂಟಾಲಿಗೆ ಎಷ್ಟಾಯ್ತು ಅಂತ.

ಕೊಡಿಸೋರಿಗೆ ನಾಲ್ಕು ಮಾತು. ಪ್ರತಿ ಭಾಗದ ಹೆಸರು, ಮಾಡೆಲ್, ವಾರಂಟಿ ಬರೆಸಿಕೊಂಡೇ ದುಡ್ಡು ಕೊಡಿ, ಜಿಎಸ್‌ಟಿ ಬಿಲ್ ಬಿಡಬೇಡಿ. ಯುಪಿಎಸ್ ಮೇಲಿನ ವಿಎ ನೋಡಿ ತಗೋಬೇಡಿ, ವ್ಯಾಟ್ ಕೇಳಿ. 1000 ವಿಎ ಅಂತ ಬರೆದಿದ್ರೂ ಎಷ್ಟೋ ಯುಪಿಎಸ್ ತಡೆಯೋದು 600 ವ್ಯಾಟೇ. ಮನೇಲಿರೋದು ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಕೆಲವು ಎಸ್‌ಎಂಪಿಎಸ್‌ಗೆ ಅದು ಆಗಿಬರಲ್ಲ, ಮೊದಲೇ ವಿಚಾರಿಸಿ. ಎಲ್ಲಕ್ಕಿಂತ ಮುಂಚೆ ಮನೆ ಅರ್ಥಿಂಗ್ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮೋಟಾರಿಗೆ ಮಾಡಿಸ್ತೀವಿ, ಮನೆಗೆ ಮರೀತೀವಿ.