ಹೆಸರು ಎಲ್ಲಿ ಕೂತುಕೊಳ್ಳುತ್ತದೆ?

ಬಜಗೋಳಿಯ ಆ ಮನೆಯಲ್ಲಿ ಅಜ್ಜಿ ತೀರಿಕೊಂಡದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಪತ್ರಿಕೆಗೆ ಸುದ್ದಿ ಕೊಡಲು ಹೊರಟವರು, ‘ಸಂಜೆಯೊಳಗೆ ಒಳ್ಳೆಯದೊಂದು ಫೋಟೊ ಕೊಡಿ’ ಎಂದರು. ಅದೇನು ಮಹಾ? ಮನೆಯ ಕಂಪ್ಯೂಟರಿನಲ್ಲಿ ನಲವತ್ತು ಸಾವಿರ ಚಿತ್ರಗಳಿದ್ದವು. ಅಪ್ಪ ಮೇಷ್ಟರು, ಕ್ಯಾಮೆರಾದ ಹುಚ್ಚಿನವರು. 2004ರಿಂದ ಮಿಯ್ಯಾರಿನ ಕಂಬಳ, ಅತ್ತೂರಿನ ಜಾತ್ರೆ, ಕಾರ್ಕಳದ ಗೊಮ್ಮಟನಿಗೆ 2015ರಲ್ಲಿ ನಡೆದ ಮಸ್ತಕಾಭಿಷೇಕ ಯಾವುದನ್ನೂ ಬಿಟ್ಟವರಲ್ಲ.

ಆದರೆ ಫೋಲ್ಡರುಗಳ ಹೆಸರು ‘ಹೊಸತು’, ‘ಹೊಸತು 2’, ‘ಊರಿನದ್ದು’, ‘ಇತರ’. ಕತ್ತಲಾಗುವವರೆಗೆ ಹುಡುಕಿದರೂ ಸಿಕ್ಕಿದ್ದು ಅಜ್ಜಿಯ ಬೆನ್ನು, ಸೆರಗು, ಪಾಯಸ ಬಡಿಸುವ ಕೈ. ಕೊನೆಗೆ ಅಚ್ಚಾದದ್ದು ಮತದಾರರ ಗುರುತಿನ ಚೀಟಿಯ ಮುಖ. ಬಂದ ನೆಂಟರು, ‘ಇದು ಯಾರು?’ ಎಂದು ಕೇಳಿದರು. ಅಪ್ಪ ಮಾತಾಡಲಿಲ್ಲ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಮಗಳು ಆ ರಾತ್ರಿಯೇ ನಿಶ್ಚಯಿಸಿದಳು. ವರ್ಷಾಂತಿಕದ ಹೊತ್ತಿಗೆ ಇವೆಲ್ಲವನ್ನೂ ಒಪ್ಪ ಮಾಡಬೇಕು. ಮುಂದಿನ ರಜೆಗೆ ಊರಿಗೆ ಬಂದವಳು ತಂತ್ರಾಂಶಗಳ ಪಟ್ಟಿಯನ್ನೇ ತಂದಳು. ಒಂದರಲ್ಲಿ ಮಸುಕಾದ ಚಿತ್ರ ಸ್ಪಷ್ಟವಾಗುತ್ತದೆ, ಇನ್ನೊಂದರಲ್ಲಿ ಹಿನ್ನೆಲೆಯೇ ಬದಲಾಗುತ್ತದೆ. ಅಪ್ಪ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು:

‘ಅದೆಲ್ಲ ಇರಲಿ ಮಗಾ. ನಾವು ಬರೆಯುವ ಹೆಸರು ಎಲ್ಲಿ ಹೋಗಿ ಕೂತುಕೊಳ್ಳುತ್ತದೆ?’

ಪ್ರಶ್ನೆಗೆ ಕಾರಣವಿತ್ತು. ಹತ್ತು ವರ್ಷಗಳ ಹಿಂದೆ ಅವರು ಒಂದು ಉಚಿತ ತಂತ್ರಾಂಶದಲ್ಲಿ ಮೂರು ತಿಂಗಳು ಕುಳಿತು ಸಾವಿರಾರು ಮುಖಗಳಿಗೆ ಹೆಸರು ಬರೆದಿದ್ದರು. ಒಂದು ಸಂಜೆ ಸಿಡಿಲಿಗೆ ಕಂಪ್ಯೂಟರ್ ಕೆಟ್ಟಿತು. ಸಿ.ಡಿ.ಗಳಲ್ಲಿದ್ದ ಚಿತ್ರಗಳು ಉಳಿದವು, ಹೆಸರುಗಳು ಹೋದವು. ಹೆಸರುಗಳು ಚಿತ್ರದೊಳಗೆ ಇರಲೇ ಇಲ್ಲ, ತಂತ್ರಾಂಶದ ಬೇರೊಂದು ಕಡತದಲ್ಲಿದ್ದವು. ಅಲ್ಬಮಿನ ಫೋಟೊದ ಹಿಂದೆ ಬರೆಯುವ ಬದಲು ಬೇರೆ ಪುಸ್ತಕದಲ್ಲಿ ಬರೆದಿಟ್ಟು, ಆ ಪುಸ್ತಕವನ್ನೇ ಕಳೆದುಕೊಂಡ ಹಾಗೆ.

ಸಿಡಿಲು ಬೇಡ, ತಂತ್ರಾಂಶವೇ ನಿಂತುಹೋಗಬಹುದು. ಮನೆಮನೆಗಳಲ್ಲಿದ್ದ ಪಿಕಾಸಾವನ್ನು ಗೂಗಲ್ 2004ರಲ್ಲಿ ಕೊಂಡು 2016ರಲ್ಲಿ ನಿಲ್ಲಿಸಿತು. ಆಪಲ್‌ನ ಅಪರ್ಚರ್ 2005ರಲ್ಲಿ ಬಂತು, 2015ರಲ್ಲಿ ಅದರ ಮಾರಾಟ ಮುಗಿಯಿತು. ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದಾಗ ಕಿರಿದುಗೊಳಿಸಿದ ಚಿತ್ರಗಳಿಗೆ ಮಿತಿಯಿಲ್ಲದ ಉಚಿತ ಜಾಗವಿತ್ತು. 2021ರ ಜೂನ್ 1ರಿಂದ ಹೊಸ ಚಿತ್ರಗಳು 15 ಜಿಬಿಯ ಲೆಕ್ಕಕ್ಕೆ ಬಂದವು, ಅದರಲ್ಲಿ ಮೈಲಿಗೂ ಪಾಲುಂಟು. ಅಡೋಬ್‌ನ ಲೈಟ್‌ರೂಮ್ ವೃತ್ತಿಪರರ ಮೆಚ್ಚಿನದು, ಆದರೆ ಈಗ ಚಂದಾ ಕಟ್ಟುತ್ತಲೇ ಇರಬೇಕು.

ಮಗಳು ಒಂದು ಸುಲಭ ಪರೀಕ್ಷೆ ಕಂಡುಕೊಂಡಳು. ಪ್ರತಿ ತಂತ್ರಾಂಶದಲ್ಲೂ ಒಂದು ಚಿತ್ರಕ್ಕೆ ಅಜ್ಜಿಯ ಹೆಸರನ್ನು ಕನ್ನಡದಲ್ಲೇ ಬರೆಯುವುದು. ಆ ಒಂದು ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ, ಬೇರೆ ತಂತ್ರಾಂಶದಲ್ಲಿ ತೆರೆಯುವುದು. ಹೆಸರು ಕಂಡರೆ ಪಾಸು, ಕಾಣದಿದ್ದರೆ ನಪಾಸು. ಚಿತ್ರದ ಕಡತದೊಳಗೇ ಬರಹವನ್ನು ಇಡಲು ಎಕ್ಸ್‌ಎಂಪಿ ಎಂಬ ಸಾಮಾನ್ಯ ವ್ಯವಸ್ಥೆಯಿದೆ. ತಂತ್ರಾಂಶ ಅದನ್ನು ಬಳಸುತ್ತದೆಯೇ, ಸೆಟ್ಟಿಂಗ್‌ನಲ್ಲಿ ಅದು ಆನ್ ಆಗಿದೆಯೇ ಎಂದು ನೋಡಿಕೊಳ್ಳಬೇಕು ಅಷ್ಟೆ. ಲೈಟ್‌ರೂಮಿನಲ್ಲೂ ಈ ಅನುಕೂಲ ಉಂಟು, ನಾವಾಗಿಯೇ ಆನ್ ಮಾಡಬೇಕು.

ಕೊನೆಗೆ ಆ ಮನೆ ಆಯ್ದುಕೊಂಡದ್ದು ಡಿಜಿಕ್ಯಾಮ್. 2001ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ, ಕಾಸಿಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಮುಖ ಗುರುತಿಸುವ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲೇ ಮಾಡುತ್ತದೆ, ಚಿತ್ರಗಳನ್ನು ಹೊರಗೆ ಕಳುಹಿಸಬೇಕಿಲ್ಲ. ನಾಳೆ ಇದೂ ನಿಂತುಹೋಗಲಿ, ಹೆಸರು ಚಿತ್ರದೊಳಗೇ ಇರುತ್ತದೆ.

ಮೊದಲು ಮಾಡಿದ್ದು ಎರಡು ಪ್ರತಿ. ಒಂದು ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಉಡುಪಿಯ ಮಾವನ ಮನೆಯಲ್ಲಿ. ಆಮೇಲೆ ಒಂದೇ ಚಿತ್ರದ ನಾಲ್ಕೈದು ನಕಲುಗಳನ್ನು ಅಳಿಸಿದರು. ಅಪ್ಪ ಹಳೆಯ ಕ್ಯಾಮೆರಾದ ಗಡಿಯಾರ ಸರಿಮಾಡಿರಲೇ ಇಲ್ಲ. ಅದರ ಪ್ರಕಾರ ಎರಡು ಮದುವೆ, ಒಂದು ಗೃಹಪ್ರವೇಶ ಎಲ್ಲವೂ 2000ದ ಜನವರಿ 1ರಂದೇ ನಡೆದಿದ್ದವು! ಆಮಂತ್ರಣ ಪತ್ರಿಕೆಗಳನ್ನು ಹುಡುಕಿ ತಾರೀಕು ತಿದ್ದಬೇಕಾಯಿತು.

ಯಂತ್ರ ಎಡವಿದ್ದು ಅಜ್ಜಿಯ ಬಳಿ. ಅವರನ್ನೂ ಅವರ ತಂಗಿಯನ್ನೂ ಅದು ಒಬ್ಬರೇ ಎಂದುಕೊಂಡಿತು. ಹಾಗಾಗಿ ಮಗಳು ಲ್ಯಾಪ್‌ಟಾಪ್ ಹಿಡಿದು ಮಾಳದಲ್ಲಿದ್ದ ಸಣ್ಣಜ್ಜಿಯ ಮನೆಗೆ ಹೋದಳು. ಸಣ್ಣಜ್ಜಿ ಕನ್ನಡಕ ಏರಿಸಿ, ಮುಖಗಳನ್ನು ಒಂದೊಂದಾಗಿ ಹೇಳಿದರು. ಯಾರ ಮಗಳು, ಯಾವ ಮನೆಗೆ ಕೊಟ್ಟದ್ದು, ಯಾರು ಮುಂಬಯಿಗೆ ಹೋಗಿ ತಿರುಗಿ ಬರಲಿಲ್ಲ ಎಂಬುದೆಲ್ಲ ಬಂತು. ಆ ಹೆಸರುಗಳಲ್ಲಿ ಅರ್ಧ ಅಪ್ಪನಿಗೂ ಗೊತ್ತಿರಲಿಲ್ಲ. ಯಾವ ತಂತ್ರಾಂಶಕ್ಕೆ ತಾನೇ ಗೊತ್ತಿರಬೇಕು?

ಮಕ್ಕಳು ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವುದಾದರೆ ಮೊದಲು ಹಿರಿಯರ ಬಳಿ ಕುಳಿತುಕೊಳ್ಳುವುದು ಒಳ್ಳೆಯದು. ತಂತ್ರಾಂಶ ಬರುವ ವರ್ಷವೂ ಸಿಗುತ್ತದೆ.

ಮಿಯ್ಯಾರಿನ ಕಂಬಳದ ಚಿತ್ರಗಳ ನಡುವೆ ಒಂದು ಸಿಕ್ಕಿತು. ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಾ, ಯಾರದೋ ಮಾತಿಗೆ ಬಾಯಿತುಂಬ ನಗುತ್ತಿದ್ದರು. ಮಗಳು ಓರೆಯನ್ನು ಸರಿಮಾಡಿದಳು, ನೆರಳಿಗೆ ಬೆಳಕು ಕೊಟ್ಟಳು, ಉತ್ಸಾಹದಲ್ಲಿ ಮುಖವನ್ನೂ ಬೆಳ್ಳಗೆ ಮಾಡಿದಳು. ಹಿಂದೆ ನಿಂತಿದ್ದ ಅಮ್ಮ, ‘ಅತ್ತೆಯ ಬಣ್ಣ ಇದಲ್ಲ ಮಾರಾಯ್ತಿ’ ಎಂದರು. ಮೂಲ ಚಿತ್ರ ಹಾಗೆಯೇ ಉಳಿದಿತ್ತು. ತಿದ್ದಿದ್ದನ್ನು ಬಿಟ್ಟು ಮತ್ತೆ ಮಾಡಿದಳು.

ವರ್ಷಾಂತಿಕಕ್ಕೆ ಪತ್ರಿಕೆಯಲ್ಲಿ ಆ ನಗುವೇ ಅಚ್ಚಾಯಿತು. ಈ ಸಲ ಯಾರೂ ‘ಇದು ಯಾರು’ ಎಂದು ಕೇಳಲಿಲ್ಲ. ಊಟವಾದ ಮೇಲೆ ಸಣ್ಣಜ್ಜಿ ಮೊಮ್ಮಗಳನ್ನು ಕರೆದು ಮೆಲ್ಲನೆ ಹೇಳಿದರು:

‘ನನ್ನದೂ ಒಂದು ತೆಗೆದಿಡು ಮಗಾ. ಹೆಸರು ಸರಿಯಾಗಿ ಬರಿ.’