ಆರು ವಾರದ ಇಲಿ

ನಮ್ಮ ಮನೆತನದ ಗಂಡಸರಿಗೆ "ಹಾರ್ಟ್ ವೀಕು" ಅನ್ನೋದು ನಾವೆಲ್ಲ ಒಪ್ಪಿಕೊಂಡು ಬದುಕಿದ್ದ ಮಾತು. ತಾತ ಗದ್ದೆ ಬದುವಿನ ಮೇಲೆ ಕೂತವರು ಏಳಲಿಲ್ಲ. ಅಪ್ಪ 46ನೇ ವಯಸ್ಸಿಗೆ, ಓಡಿ ಬಸ್ ಹಿಡಿದು ಸೀಟಲ್ಲಿ ಕೂತ ಮೇಲೆ ಹೋದರು. ಇಬ್ಬರಿಗೂ ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ. ಅಜ್ಜಿ ಇದಕ್ಕೆ ನಾಗನ ಕಲ್ಲು ಕಿತ್ತದ್ದು ಕಾರಣ ಅಂತಿದ್ದಳು, ಚಿಕ್ಕಪ್ಪ ಬೀಡಿ ಅಂತಿದ್ದರು.

ಹೋದ ವರ್ಷ ಅಣ್ಣನಿಗೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಇಸಿಜಿ ವಿಚಿತ್ರವಾಗಿ ಬಂತು. ಎಕೋ ಮಾಡಿಸಿದರೆ ಹೃದಯದ ಗೋಡೆ 19 ಮಿಲಿಮೀಟರ್ ದಪ್ಪ. ಹನ್ನೆರಡರ ಒಳಗಿರಬೇಕಾದದ್ದು. ಆಗ ನಮ್ಮ ಮನೆಯ ಕಥೆಗೆ ಹೆಸರು ಸಿಕ್ಕಿತು: ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತಂತೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಚಾನ್ಸ್. ಗಂಡು, ಹೆಣ್ಣು ಅನ್ನೋ ಭೇದ ಇಲ್ಲ. ನಾನೂ ಟೆಸ್ಟ್ ಮಾಡಿಸಿದೆ. ಎಕೋ ನಾರ್ಮಲ್, ಗೋಡೆ ಹತ್ತೇ ಮಿಲಿಮೀಟರ್. ರಕ್ತದ ರಿಪೋರ್ಟ್ ಮಾತ್ರ ನಾರ್ಮಲ್ ಅಲ್ಲ. ಎಂವೈಎಚ್7 ಅನ್ನೋ ಜೀನ್‌ನಲ್ಲಿ ಅಣ್ಣನಿಗಿರುವ ಅಕ್ಷರದೋಷವೇ ನನ್ನಲ್ಲೂ ಇದೆ. ಕಾಯಿಲೆ ಇಲ್ಲ, ಕಾಯಿಲೆಯ ಬೀಜ ಇದೆ. ಇದನ್ನ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಹೇಗೆ ಹಾಕೋದು ಹೇಳಿ?

ನಾನು ಸಾಫ್ಟ್‌ವೇರ್ ಟೆಸ್ಟರ್. ಬಗ್ ಇದೆ ಅಂತ ಯಾರಾದರೂ ಅಂದರೆ ನಮ್ಮ ಮೊದಲ ಪ್ರಶ್ನೆ, "ಬೇರೆ ಮಷೀನಲ್ಲಿ ಅದನ್ನ ಮತ್ತೆ ತೋರಿಸ್ತೀಯಾ?" ರಾತ್ರಿ ನಿದ್ದೆ ಬಾರದೆ ಓದುತ್ತಾ ಕೂತಾಗ ಗೊತ್ತಾಯಿತು, ವಿಜ್ಞಾನಿಗಳೂ ಇದನ್ನೇ ಕೇಳಿದ್ದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಮಾತಾಡುವ ಒಂದು ದೊಡ್ಡ ಕುಟುಂಬ. ತಲೆಮಾರುಗಟ್ಟಲೆ ಥೇಟ್ ನಮ್ಮನೆ ಥರ ದಿಢೀರ್ ಸಾವುಗಳು. 1990ರಲ್ಲಿ ಹಾರ್ವರ್ಡ್‌ನ ಕ್ರಿಸ್ಟೀನ್ ಮತ್ತು ಜೊನಾಥನ್ ಸೀಡ್‌ಮನ್ ದಂಪತಿಯ ತಂಡ ಆ ಕುಟುಂಬದ ದೋಷ ಹುಡುಕಿತು. ಹೃದಯದ ಸ್ನಾಯುವಿಗೆ ಎಂಜಿನ್ ಆಗಿರುವ ಮಯೋಸಿನ್ ಅನ್ನೋ ಪ್ರೋಟೀನ್‌ನಲ್ಲಿ ಇರೋದು 1935 ಮಣಿಗಳು. ಅದರಲ್ಲಿ 403ನೇ ಮಣಿ ಬದಲಾಗಿತ್ತು, ಆರ್ಜಿನೀನ್ ಇರಬೇಕಾದ ಕಡೆ ಗ್ಲುಟಮೀನ್. ಅಷ್ಟೇ.

ಆದರೆ ರೋಗ ಇರುವವರಲ್ಲಿ ದೋಷ ಇದೆ ಅಂದ ಮಾತ್ರಕ್ಕೆ ದೋಷದಿಂದಲೇ ರೋಗ ಅಂತ ಹೇಗೆ ಹೇಳೋದು? ಮತ್ತೆ ಹುಟ್ಟಿಸಿ ತೋರಿಸಬೇಕು. ಮನುಷ್ಯರಲ್ಲಿ ಆಗದ ಮಾತು. ಅದಕ್ಕೇ ಇಲಿ. ಇಲಿಯ ಭ್ರೂಣದಿಂದ ತೆಗೆದ ಕಾಂಡಕೋಶದಲ್ಲಿ ಬೇಕಾದ ಜೀನನ್ನೇ ಗುರಿಯಿಟ್ಟು ತಿದ್ದುವ ವಿದ್ಯೆ ಅಷ್ಟೊತ್ತಿಗೆ ಬಂದಿತ್ತು. ಅದನ್ನು ಸಾಧ್ಯ ಮಾಡಿದ ಕಪೆಕಿ, ಇವಾನ್ಸ್, ಸ್ಮಿಥೀಸ್ ಮೂವರಿಗೆ 2007ರಲ್ಲಿ ನೊಬೆಲ್ ಬಂತು. 1996ರಲ್ಲಿ ಸೀಡ್‌ಮನ್ ತಂಡ ಅದೇ 403ನೇ ಮಣಿ ಬದಲಾದ ಇಲಿಗಳನ್ನು ಹುಟ್ಟಿಸಿತು. ಎರಡೂ ಪ್ರತಿ ಕೆಟ್ಟಿದ್ದ ಮರಿಗಳು ಒಂದು ವಾರ ದಾಟಲಿಲ್ಲ. ಒಂದೇ ಪ್ರತಿ ಕೆಟ್ಟಿದ್ದವು, ಅಂದ್ರೆ ನನ್ನಂಥವು, ಬದುಕಿದವು. ಬೆಳೆಯುತ್ತಾ ಅವುಗಳ ಹೃದಯದ ಸ್ನಾಯು ಅಸ್ತವ್ಯಸ್ತವಾಯಿತು, ನಡುನಡುವೆ ಕಲೆಗಟ್ಟಿತು. ಬಗ್ ಮತ್ತೆ ಹುಟ್ಟಿತ್ತು.

ನನ್ನನ್ನು ಹಿಡಿದು ಕೂರಿಸಿದ್ದು ಆಮೇಲಿನ, 1999ರ ಒಂದು ಅಧ್ಯಯನ. ಕಡಲೆಕಾಯಿ ಬೀಜಕ್ಕಿಂತ ಚಿಕ್ಕದಾದ, ನಿಮಿಷಕ್ಕೆ ಐನೂರು ಆರುನೂರು ಸಲ ಬಡಿಯುವ ಹೃದಯದೊಳಗೆ ಕೊಳವೆ ಇಳಿಸಿ ಒತ್ತಡ ಅಳೆದಿದ್ದಾರೆ, ಪುಣ್ಯಾತ್ಮರು! ಆರು ವಾರದ ಇಲಿಗಳಲ್ಲಿ ಗೋಡೆ ಇನ್ನೂ ದಪ್ಪವಾಗಿರಲಿಲ್ಲ, ಕಲೆಯೂ ಇರಲಿಲ್ಲ. ಆದರೂ ಹೃದಯದ ನಡೆ ಆಗಲೇ ಬೇರೆ. ಹಿಂಡುವುದು ಚುರುಕು, ಬಿಡುವುದು ನಿಧಾನ. ಇಪ್ಪತ್ತು ವಾರದ ಹೊತ್ತಿಗೆ ಉಳಿದದ್ದೆಲ್ಲ ಹಿಂಬಾಲಿಸಿತ್ತು.

ಅಂದ್ರೆ "ವೀಕು" ಅನ್ನೋದೇ ತಪ್ಪು ಪದ. ಅಪ್ಪನ ಹೃದಯ ಸೋತದ್ದು ಬಲ ಸಾಲದೆ ಅಲ್ಲ. ಅದಕ್ಕೆ ಸಡಿಲಿಸಿಕೊಳ್ಳೋಕೆ ಬರುತ್ತಿರಲಿಲ್ಲ. ಸಡಿಲವಾದರೆ ತಾನೇ ರಕ್ತ ತುಂಬೋದು? ಜೊತೆಗೆ ಪಟ್ಟು ಬಿಡದ ಮಯೋಸಿನ್ ಇಂಧನವನ್ನೂ ಜಾಸ್ತಿ ಸುಡುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. "ಅವರು ಇದ್ದದ್ದೂ ಹಾಗೇ ಅಲ್ವೇನೇ," ಅಂದಳು.

ಹಾಗಂತ ಇಲಿಯನ್ನು ಪೂರ್ತಿ ನಂಬೋ ಹಾಗೂ ಇಲ್ಲ. ಅಷ್ಟು ವೇಗವಾಗಿ ಬಡಿಯಬೇಕಾದ್ದರಿಂದ ಇಲಿಯ ಹೃದಯದಲ್ಲಿರುವುದು ಆಲ್ಫಾ ಮಯೋಸಿನ್, ರೇಸ್ ಬೈಕಿನ ಎಂಜಿನ್. ನಮ್ಮದು ಮುಖ್ಯವಾಗಿ ಬೀಟಾ, ನಿಧಾನದ ಡೀಸೆಲ್ ಎಂಜಿನ್. ಸೀಡ್‌ಮನ್ ತಂಡ ದೋಷ ಹಾಕಿದ್ದು ಇಲಿಯ ಆಲ್ಫಾ ಜೀನಿಗೆ. ಅದೇ ದೋಷವನ್ನು ಆಲ್ಫಾದಲ್ಲಿಟ್ಟರೆ ಎಂಜಿನ್ ಜೋರಾಗುತ್ತದೆ, ಬೀಟಾದಲ್ಲಿಟ್ಟರೆ ಹಾಗಾಗೋದಿಲ್ಲ ಅಂತ 2008ರಲ್ಲಿ ಇನ್ನೊಂದು ತಂಡ ತೋರಿಸಿತು. ಇನ್ನೊಂದು ಜೀನ್ ಎಂವೈಬಿಪಿಸಿ3ರ ಕಥೆ ಬೇರೆಯೇ. ಮನುಷ್ಯನಿಗೆ ಒಂದು ಪ್ರತಿ ಕೆಟ್ಟರೆ ಸಾಕು ಕಾಯಿಲೆ ಬರಬಹುದು, ಇಲಿ ಅಷ್ಟಕ್ಕೆ ಹೆಚ್ಚುಕಮ್ಮಿ ಆರಾಮಾಗಿರುತ್ತದೆ. ಊಟದ ವಿಷಯ ಅಂತೂ ಕೇಳಲೇಬೇಡಿ. ಕೊಲೊರಾಡೋದ ಲೆಸ್ಲಿ ಲೈನ್‌ವಾಂಡ್ ಅವರ ಲ್ಯಾಬಿನಲ್ಲಿ ಇಂಥ ಗಂಡಿಲಿಗಳು ಸೋಯಾ ಆಹಾರ ತಿಂದು ಹದಗೆಟ್ಟವು. ಸೋಯಾ ತೆಗೆದು ಹಾಲಿನ ಪ್ರೋಟೀನ್ ಕೊಟ್ಟರೆ ಎಷ್ಟೋ ವಾಸಿ! 2006ರಲ್ಲಿ ಪ್ರಕಟವಾದದ್ದು. ಇದನ್ನೋದಿ ಅಣ್ಣ ಸೋಯಾ ಚಂಕ್ಸ್ ಬಿಟ್ಟಿದ್ದಾನೆ. ಇಲಿಗೆ ಹೇಳಿದ್ದು ನಿನಗಲ್ಲ ಅಂದರೂ ಕೇಳೋದಿಲ್ಲ.

ಇಷ್ಟೆಲ್ಲ ಕೊರತೆ ಇದ್ದೂ ಈ ಇಲಿಯಿಂದಲೇ ಒಂದು ಮಾತ್ರೆ ಹೊರಬಂತು. ಹಿಡಿತ ಜಾಸ್ತಿಯಾದದ್ದೇ ಮೂಲವಾದರೆ ಮಯೋಸಿನ್ನನ್ನೇ ಸ್ವಲ್ಪ ಸುಮ್ಮನಿರಿಸಿದರೆ? 2016ರಲ್ಲಿ ಎಳೆಯ ಇಲಿಗಳಿಗೆ ಅಂಥ ಔಷಧ ಕೊಟ್ಟಾಗ ಗೋಡೆ ದಪ್ಪವಾಗಲಿಲ್ಲ, ಕಲೆ ಕಟ್ಟಲಿಲ್ಲ. ಆಮೇಲೆ 251 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. 2022ರಲ್ಲಿ ಅಮೆರಿಕದ ಎಫ್‌ಡಿಎ ಮಾವಕಾಮ್ಟೆನ್‌ಗೆ ಒಪ್ಪಿಗೆ ಕೊಟ್ಟಿತು. ಅದು ರಕ್ತದ ದಾರಿಗೆ ಅಡ್ಡವಾಗುವಷ್ಟು ಹೃದಯ ಬೆಳೆದು, ತೊಂದರೆ ಶುರುವಾದ ದೊಡ್ಡವರಿಗೆ. ನನ್ನಂಥವರಿಗಲ್ಲ. ಕಾಯಿಲೆ ಬರೋಕೆ ಮುಂಚೆ ಮಾತ್ರೆ ಪಡೆದ ಭಾಗ್ಯ ಸದ್ಯಕ್ಕೆ ಇಲಿಯದ್ದು.

ಇದೇನು ಕ್ವಿಬೆಕ್ಕು, ಬಾಸ್ಟನ್ನು, ನಮಗೇನು ಅಂತೀರಾ? 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ತಂಗರಾಜ್ ಮತ್ತು ಸಂಗಡಿಗರು ಬರೆದದ್ದು ನೋಡಿ. ನಾನು ಮೊದಲು ಹೇಳಿದ ಎಂವೈಬಿಪಿಸಿ3 ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋದ ಒಂದು ರೂಪ ಇದೆ. ಭಾರತ ಉಪಖಂಡದ ಜನರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿ ಅದು ಇದೆ, ಇರುವವರಿಗೆ ಹೃದಯ ಸೋಲುವ ಅಪಾಯ ಜಾಸ್ತಿ ಅಂದರು. ನೀವು ಕೂತಿರೋ ಆಫೀಸಿನ ಒಂದು ಫ್ಲೋರಿನಲ್ಲಿ ನೂರು ಜನ ಇದ್ದರೆ ಲೆಕ್ಕ ಹಾಕಿಕೊಳ್ಳಿ. ಆದರೆ ಹೆದರಬೇಡಿ, ಹೆಚ್ಚಿನವರಿಗೆ ಏನೂ ಆಗೋದಿಲ್ಲ. ಆ 25 ಅಕ್ಷರದ ಜೊತೆಗೇ ಸಾಗಿಬರುವ ಇನ್ನೊಂದು ಬದಲಾವಣೆ ಕೆಲವರಲ್ಲಿ ಇದೆ, ತೊಂದರೆಗೆ ಅದೂ ಕಾರಣ ಇರಬಹುದು ಅಂತ 2018ರಲ್ಲಿ ಬಂದ ಅಧ್ಯಯನ ಹೇಳಿತು. 2009ರ ಲೇಖನದ ಮೊದಲ ಲೇಖಕ ಪೆರುಂದುರೈ ದಂಡಪಾಣಿ ಆಮೇಲೆ ನಮ್ಮ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ಲ್ಯಾಬ್ ಕಟ್ಟಿದರು. ಜಿಕೆವಿಕೆ ಕ್ಯಾಂಪಸ್ಸಿನಲ್ಲಿ. ಏರ್‌ಪೋರ್ಟಿಗೆ ಹೋಗುವಾಗಲೆಲ್ಲ ಅದರ ಗೇಟು ದಾಟಿ ಹೋಗಿದ್ದೇನೆ.

2023ರಲ್ಲಿ ಅಮೆರಿಕದ ಎರಡು ತಂಡಗಳು ಇನ್ನೂ ಮುಂದೆ ಹೋದವು. ಒಂದರಲ್ಲಿ ಸೀಡ್‌ಮನ್ ದಂಪತಿಯೂ ಇದ್ದರು. ಅದೇ 403ರ ಇಲಿಗಳ ಹೃದಯಕ್ಕೆ ವೈರಸ್ಸಿನ ಮೂಲಕ ತಿದ್ದುಪಡಿ ಯಂತ್ರ ಕಳಿಸಿ, ಡಿಎನ್‌ಎಯಲ್ಲಿದ್ದ ಒಂದೇ ಒಂದು ತಪ್ಪಕ್ಷರವನ್ನು ಸರಿಮಾಡಿದರು. ಮರಿಗಳಿಗೆ ಕಾಯಿಲೆ ಬರಲಿಲ್ಲ. ಓದಿ ಖುಷಿಯಾಗಿ ಅಣ್ಣನಿಗೆ ಫೋನ್ ಮಾಡಿದೆ. "ಬರಲಿಲ್ಲ ಅಂತ ಹೇಗೆ ಗೊತ್ತಾಯ್ತು?" ಅಂದ. ಕಲೆ, ಅಸ್ತವ್ಯಸ್ತ ಎಲ್ಲ ಖಚಿತವಾಗಿ ಕಾಣೋದು ಮೈಕ್ರೋಸ್ಕೋಪಿನಲ್ಲಿ. ಅದಕ್ಕೆ ಹೃದಯ ಹೊರತೆಗೆದು ಚೂರು ಮಾಡಬೇಕು. ವಾಸಿಯಾದ ಇಲಿಯದ್ದೂ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತೆ ಅಂತ ಕೇಳಿದ.

ನನಗೆ ವರ್ಷ ಎರಡು ವರ್ಷಕ್ಕೊಮ್ಮೆ ಎಕೋ. ಈಗ ರಿಪೋರ್ಟ್ ಬಂದರೆ ಗೋಡೆಯ ದಪ್ಪಕ್ಕಿಂತ ಮೊದಲು ಸಡಿಲವಾಗುವ ವೇಗದ ಸಾಲು ಹುಡುಕುತ್ತೇನೆ. ಸದ್ಯಕ್ಕೆ ಚೆನ್ನಾಗಿದೆ. ನಾನು ಆರು ವಾರದ ಇಲಿಯೋ ಇಪ್ಪತ್ತು ವಾರದ್ದೋ, ಅಥವಾ ಯಾವತ್ತೂ ಏನೂ ಆಗದ ಇಲಿಯೋ ಅಂತ ಡಾಕ್ಟರ್ ಹೇಳಲಾರರು. ಒಂದೇ ಮನೆಯಲ್ಲಿ, ಒಂದೇ ದೋಷ ಇದ್ದೂ, ಎಪ್ಪತ್ತು ದಾಟಿದವರೂ ಇರುತ್ತಾರಂತೆ.

ಮಗನಿಗೆ ಆರು ವರ್ಷ. ಅವನಿಗೂ ಅದೇ ಅರ್ಧಕ್ಕರ್ಧ. ಬರೀ ಎಕೋ ಸಾಕು, ರಕ್ತಪರೀಕ್ಷೆ ಅವನು ದೊಡ್ಡವನಾಗಿ ತಾನೇ ಕೇಳಿದಾಗ ಅನ್ನೋದು ನನ್ನ ವಾದ. ಈಗಲೇ ಗೊತ್ತಾದರೆ, ಇಲ್ಲ ಅಂತ ಬಂದರೆ, ಆ ಎಕೋ ಕಾಟವೂ ತಪ್ಪುತ್ತಲ್ಲ ಅನ್ನೋದು ಗಂಡನದು. ಇನ್ನೂ ಇತ್ಯರ್ಥವಾಗಿಲ್ಲ. ಎಕೋ ಮುಂದಿನ ತಿಂಗಳು ಹದಿನಾಲ್ಕಕ್ಕೆ.